ಸಿಪಿಯು ಒಳಗೆ ಮೋರಿ ನೀರು ಹೋಗಿದೆ, ಇನ್ನೂ ಆನ್ ಮಾಡಿಲ್ಲ. ಫೈಲುಗಳು ಸಿಗುತ್ತವಾ?

ಮನೆಯಿಂದ ಡಿಟಿಪಿ, ಬೆಳಿಗ್ಗೆ 6:50

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರಮಾವು ಕಡೆ ನೆಲಮಹಡಿಯ ಬಾಡಿಗೆ ಮನೆ ನಮ್ಮದು. ನಿನ್ನೆ ರಾತ್ರಿಯ ಮಳೆಗೆ ಮೋರಿ ಉಕ್ಕಿ ನೀರೆಲ್ಲ ಒಳಗೆ ಬಂತು. ಒಂದೂವರೆಗೆ ಎಚ್ಚರ ಆಗಿ ಕಾಲು ಕೆಳಗಿಟ್ಟರೆ ನೀರು. ಅತ್ತೆಯನ್ನು ಎಬ್ಬಿಸಿ ಮೇಲಿನ ಮನೆಗೆ ಕಳಿಸಿ, ಮಕ್ಕಳ ಪುಸ್ತಕ, ಅಕ್ಕಿ, ಬೇಳೆ ಅಂತ ಎತ್ತಿಡುವಷ್ಟರಲ್ಲಿ ಕಂಪ್ಯೂಟರ್ ನೆನಪೇ ಆಗಲಿಲ್ಲ. ಯಜಮಾನರು ಮೇನ್ ಸ್ವಿಚ್ ಆಫ್ ಮಾಡಿದರು. ಮನೆಯೆಲ್ಲ ಕತ್ತಲಾದ ಮೇಲೆ ಟೇಬಲ್ ಕೆಳಗಿಂದ ಯುಪಿಎಸ್ ಕೀಂ ಕೀಂ ಅಂತ ಕೂಗಿತು, ಆಗ ಎದೆ ಧಸಕ್ ಅಂತು. ಸಿಪಿಯು ಅದರ ಪಕ್ಕದಲ್ಲೇ ನೆಲದ ಮೇಲಿತ್ತು. ನೀರು ಒಂದು ಗೇಣಿಗಿಂತ ಜಾಸ್ತಿ ನಿಂತಿತ್ತು. ರಾತ್ರಿ ಶಟ್‌ಡೌನ್ ಮಾಡಿಯೇ ಮಲಗಿದ್ದೆ, ಆದರೆ ಪ್ಲಗ್ ತೆಗೆದಿರಲಿಲ್ಲ.

ಈಗ ನೀರು ಇಳಿದಿದೆ. ಸಿಪಿಯು ಎತ್ತಿ ಮಂಚದ ಮೇಲೆ ಇಟ್ಟಿದ್ದೇನೆ, ಬಗ್ಗಿಸಿದರೆ ಇನ್ನೂ ಕೆಸರು ನೀರು ಸುರಿಯುತ್ತಿದೆ. ಒಬ್ಬರು ಬಿಸಿಲಿಗಿಡಿ ಅಂತಾರೆ, ಮೈದುನ ಹೇರ್ ಡ್ರೈಯರ್ ಹಿಡಿ ಅಂತಾನೆ, ಪಕ್ಕದ ಮನೆಯವರು ಒಂದು ಸಲ ಆನ್ ಮಾಡಿ ನೋಡಿಬಿಡಿ, ಆಮೇಲೆ ಯೋಚನೆ ಮಾಡೋಣ ಅಂತಾರೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ.

ಹನ್ನೊಂದು ವರ್ಷದಿಂದ ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಮದುವೆ ಪತ್ರಿಕೆ, ಗೃಹಪ್ರವೇಶ, ಬಿಲ್ ಬುಕ್, ಇಂಥವು. ಮೂರು ಮದುವೆ ಪತ್ರಿಕೆ ಅರ್ಧಕ್ಕಿವೆ, ಒಂದು ಗುರುವಾರ ಪ್ರೆಸ್ಸಿಗೆ ಹೋಗಬೇಕು. ಅದಾದರೂ ಕೂತು ಮತ್ತೆ ಮಾಡಬಹುದು. ನಿವೃತ್ತ ಮೇಷ್ಟ್ರೊಬ್ಬರ ಕವನಗಳ ಪುಸ್ತಕ ಇದೆ, 180 ಪುಟ, ಎರಡು ಪ್ರೂಫ್ ಮುಗಿದಿತ್ತು. ಅವರಿಗೆ ಎಂಬತ್ತರ ಮೇಲೆ ವಯಸ್ಸು. ಆ ಫೈಲ್ ಹೋದರೆ ಅವರಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಬ್ಯಾಕಪ್ ಇಲ್ಲ. ಮಷಿನ್ ಹೋದರೆ ಹೋಗಲಿ, ಫೈಲುಗಳು ಬೇಕು. ಏನು ಮಾಡಬೇಕು ದಯವಿಟ್ಟು ಹೇಳಿ.

ಹಳೇ ರಿಪೇರಿಯವ, ಬೆಳಿಗ್ಗೆ 7:15

ಆನ್ ಮಾಡಬೇಡಿ ಮೇಡಂ. ಯಾರು ಹೇಳಿದರೂ ಮಾಡಬೇಡಿ. ನಿಮಗೆ ಧೈರ್ಯ ಬರದೇ ಇದ್ದದ್ದೇ ಒಳ್ಳೆಯದಾಯಿತು.

ನೀರು ಒಳಗೆ ಹೋದ ಮಾತ್ರಕ್ಕೆ ಎಲ್ಲ ಸುಟ್ಟು ಹೋಗುವುದಿಲ್ಲ. ನೀರಿನ ಜೊತೆ ಕರೆಂಟ್ ಸೇರಿದಾಗ ಹಾಳಾಗುತ್ತದೆ. ಮೋರಿ ನೀರಿನಲ್ಲಿ ಉಪ್ಪು, ಸೋಪು, ಮಣ್ಣು ಎಲ್ಲ ಇರುತ್ತದೆ, ಅದರಲ್ಲಿ ಕರೆಂಟ್ ಹರಿದರೆ ಮದರ್‌ಬೋರ್ಡಿನ ತಾಮ್ರ ಹಸಿರಾಗಿ ಕೊರೆದು ಹೋಗುತ್ತದೆ. ಶಟ್‌ಡೌನ್ ಮಾಡಿದ್ದರೂ ಪ್ಲಗ್ ಇದ್ದರೆ, ಒಳಗಿನ ಪವರ್ ಸಪ್ಲೈ ಡಬ್ಬ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ 5 ವೋಲ್ಟ್ ಬರುತ್ತಲೇ ಇರುತ್ತದೆ. ನಿಮ್ಮದು ಯುಪಿಎಸ್‌ನಲ್ಲಿ ಇತ್ತು ಅಂದರೆ ಮೇನ್ ತೆಗೆದ ಮೇಲೂ ಸ್ವಲ್ಪ ಹೊತ್ತು ಬಂದಿರುತ್ತದೆ. ಹಾಗಾಗಿ ಬೋರ್ಡಿನ ಬಗ್ಗೆ ನಾನು ಮಾತು ಕೊಡಲ್ಲ. ಆದರೆ ನಿಮಗೆ ಬೇಕಿರುವುದು ಬೋರ್ಡಲ್ಲ, ಡಿಸ್ಕ್. ಅದು ಬೇರೆಯೇ ವಸ್ತು, ಬೇರೆ ಕಂಪ್ಯೂಟರಿಗೆ ಹಾಕಿ ಓದಬಹುದು.

ಸೈಡಿನ ಬಾಗಿಲು ಬಿಚ್ಚಿ ನೋಡಿ. ಒಳಗೆ ಕೆಸರಿನ ಗೆರೆ ಎಲ್ಲಿಯವರೆಗೆ ಬಂದಿದೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಡಿಸ್ಕ್ ಆ ಗೆರೆಗಿಂತ ಮೇಲಿದೆಯಾ ಕೆಳಗಿದೆಯಾ, ಅದು ತಟ್ಟೆ ತಿರುಗುವ ಹಾರ್ಡ್ ಡಿಸ್ಕಾ, ಬರೀ ಚಿಪ್ಪಿನ ಎಸ್‌ಎಸ್‌ಡಿನಾ, ಇಷ್ಟು ಹೇಳಿ. ಬಿಚ್ಚುವ ಮೊದಲು ನಾಲ್ಕು ಫೋಟೋ ತೆಗೆದಿಡಿ. ಬೋರ್ಡಿನ ಮೇಲೆ ರೂಪಾಯಿ ನಾಣ್ಯದ ಥರ ಒಂದು ಸೆಲ್ ಇರುತ್ತದೆ, ಸಿಆರ್ 2032 ಅಂತ ಬರೆದಿರುತ್ತದೆ. ಅದನ್ನು ಈಗಲೇ ತೆಗೆದುಬಿಡಿ. ಅದು 3 ವೋಲ್ಟ್ ಕೊಡುತ್ತಲೇ ಇರುತ್ತದೆ, ಪ್ಲಗ್ ತೆಗೆದಿದ್ದರೂ ತುಕ್ಕು ಕೆಲಸ ಮುಂದುವರಿಯುತ್ತದೆ.

ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು, ಪ್ಲಗ್ ತೆಗೆದ ಮೇಲೂ.

ವೈರಿಂಗ್ ಕೆಲಸ, ಬೆಳಿಗ್ಗೆ 7:32

ಅಕ್ಕ, ಕಂಪ್ಯೂಟರ್ ಮಾತು ಆಮೇಲೆ. ಮೇನ್ ಈಗ ಆನ್ ಮಾಡಿದ್ದೀರಾ? ಮಾಡಿದ್ದರೆ ಆಫ್ ಮಾಡಿ, ಕಾಲು ಒಣಗಿರಬೇಕು, ಚಪ್ಪಲಿ ಇರಬೇಕು. ಕೆಳಗಿನ ಸಾಕೆಟ್ ಬಾಕ್ಸ್ ಒಳಗೆ ನೀರು ಕೂತಿರುತ್ತದೆ, ಹೊರಗಿನಿಂದ ಗೊತ್ತಾಗಲ್ಲ. ನಮ್ಮಂಥವರಲ್ಲಿ ಒಬ್ಬರನ್ನು ಕರೆದು ಪ್ಲೇಟ್ ಬಿಚ್ಚಿಸಿ, ಒಣಗಿಸಿ, ಕರೆಂಟ್ ಸೋರುತ್ತಿದೆಯಾ ಅಂತ ಅಳೆಯುವ ಮೆಗ್ಗರ್ ಹಾಕಿ ನೋಡಿಸಿ, ಆಮೇಲೆ ಕೊಡಿ.

ಯುಪಿಎಸ್ ಬಗ್ಗೆ ಜನರಿಗೆ ಗೊತ್ತಿಲ್ಲ. ಗೋಡೆಯಿಂದ ಪ್ಲಗ್ ಕಿತ್ತರೂ ಅದರ ಹಿಂದಿನ ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆ, ಒಳಗೆ ಬ್ಯಾಟರಿ ಇದೆಯಲ್ಲ. ಅದು ನೀರಲ್ಲಿ ನಿಂತು ಕೂಗುತ್ತಿದ್ದರೆ ಹತ್ತಿರ ಹೋಗಬಾರದು. ನೀವು ನೀರಿನಲ್ಲಿ ಕೈ ಹಾಕಿ ಎಳೆಯದೇ ಇದ್ದದ್ದು ಪುಣ್ಯ. ನೆನೆದ ಯುಪಿಎಸ್ ಮತ್ತೆ ಉಪಯೋಗಿಸಬೇಡಿ, ಒಣಗಿ ಚೆನ್ನಾಗಿ ಕಂಡರೂ ಬೇಡ.

2025ರ ಮೇ ತಿಂಗಳ ಮಳೆ ನೆನಪಿದೆ ಅಲ್ವಾ, ನಿಮ್ಮ ಹತ್ತಿರದ ಸಾಯಿ ಲೇಔಟ್ ಪೂರ್ತಿ ಮುಳುಗಿತ್ತು. ಅದೇ ಹೊತ್ತಿಗೆ ಬಿಟಿಎಂ ಲೇಔಟ್ ಕಡೆ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ಮೋಟರ್ ಇಟ್ಟು ನೀರು ಎತ್ತಲು ಹೋಗಿ ಕರೆಂಟ್ ಹೊಡೆದು ಇಬ್ಬರು ತೀರಿಕೊಂಡರು. ಒಬ್ಬ 12 ವರ್ಷದ ಹುಡುಗ. ಅದಾದ ಮೇಲೆ ನಾನು ಎಲ್ಲರಿಗೂ ಇದನ್ನೇ ಹೇಳುತ್ತಿರುತ್ತೇನೆ. ಮನೆಯಲ್ಲಿ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಓನರ್ ಹತ್ತಿರ ಮಾತಾಡಿ ಹಾಕಿಸಿಕೊಳ್ಳಿ. ಬೀದಿ ಕಂಬದ ಕಡೆ ಕಿಡಿ, ತುಂಡಾದ ತಂತಿ ಕಂಡರೆ ಬೆಸ್ಕಾಂ 1912ಕ್ಕೆ ಫೋನ್ ಮಾಡಿ, ನೀವಾಗಿ ಹೋಗಬೇಡಿ.

ಎರಡನೇ ಕ್ರಾಸ್, ಬೆಳಿಗ್ಗೆ 8:05

ಇಷ್ಟೊಂದು ಹೆದರಿಸಬೇಡಿ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಮೂರು ದಿನ ಫ್ಯಾನ್ ಕೆಳಗೆ ಇಟ್ಟು ಆನ್ ಮಾಡಿದೆ, ಬಂತು. ಒಣಗಿದರೆ ಸಾಕು.

ಹಳೇ ರಿಪೇರಿಯವ, ಬೆಳಿಗ್ಗೆ 8:20

ಬಂತು ಸರ್, ಒಪ್ಪುತ್ತೇನೆ. ಎಷ್ಟು ದಿನ ನಡೆಯಿತು?

ಎರಡನೇ ಕ್ರಾಸ್, ಬೆಳಿಗ್ಗೆ 8:31

ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಯುಎಸ್‌ಬಿ ಹೋಯಿತು, ಮತ್ತೆ ಒಂದು ದಿನ ಆನ್ ಆಗಲೇ ಇಲ್ಲ. ಅಂಗಡಿಯವರು ಬೋರ್ಡ್ ಹಳೆಯದಾಗಿತ್ತು ಅಂದಿದ್ದರು. ನೀರಿನಿಂದಲೇ ಇರಬಹುದಾ? ಯೋಚಿಸಿರಲಿಲ್ಲ.

ಹಳೇ ರಿಪೇರಿಯವ, ಬೆಳಿಗ್ಗೆ 8:50

ನೋಡದೆ ಹೇಳಬಾರದು, ಆದರೆ ಅದೇ ಇರುವ ಸಾಧ್ಯತೆ ಜಾಸ್ತಿ. ನೀರು ಆರಿ ಹೋಗುತ್ತದೆ, ಅದರಲ್ಲಿದ್ದ ಉಪ್ಪು, ಮಣ್ಣು ಎಲ್ಲಿಗೆ ಹೋಗುತ್ತದೆ? ಅಲ್ಲೇ ಚಿಪ್ಪುಗಳ ಕಾಲುಗಳ ಮಧ್ಯೆ ಕೂರುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ಎಳೆದುಕೊಂಡು ಮತ್ತೆ ಒದ್ದೆ ಆಗುತ್ತದೆ, ಮತ್ತೆ ತಾಮ್ರ ತಿನ್ನುತ್ತದೆ. ಅದಕ್ಕೇ ಮೋರಿ ನೀರು ಹೋದ ಬೋರ್ಡನ್ನು ಮೊದಲು ತೊಳೆಯಬೇಕು, ಆಮೇಲೆ ಒಣಗಿಸಬೇಕು. ಎಲೆಕ್ಟ್ರಾನಿಕ್ಸ್ ತೊಳೆಯಬೇಕು ಅಂದರೆ ಜನ ನಂಬಲ್ಲ. ಅಕ್ಕಿ ಡಬ್ಬದಲ್ಲಿ ಇಡುವುದೂ ಅಷ್ಟೇ, ಅಕ್ಕಿ ಈ ಉಪ್ಪನ್ನು ಎಳೆಯುವುದಿಲ್ಲ, ಧೂಳು ಒಂದು ಜಾಸ್ತಿ ಸೇರುತ್ತದೆ. ಹೇರ್ ಡ್ರೈಯರ್ ನೀರನ್ನು ಚಿಪ್ಪುಗಳ ಅಡಿಗೆ ತಳ್ಳುತ್ತದೆ, ಹತ್ತಿರ ಹಿಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮೇಡಂ, ನಿಮ್ಮ ಮೈದುನನಿಗೆ ಹೇಳಿ.

ಮನೆಯಿಂದ ಡಿಟಿಪಿ, ಬೆಳಿಗ್ಗೆ 10:40

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇನ್ ಆನ್ ಮಾಡಿಲ್ಲ, ಎಲೆಕ್ಟ್ರಿಷಿಯನ್ ಮಧ್ಯಾಹ್ನ ಬರುತ್ತಾರೆ. ಮೇಲಿನ ಮನೆಯವರು ತಿಂಡಿ ಕೊಟ್ಟರು, ಫೋನ್ ಚಾರ್ಜ್ ಕೂಡ ಅಲ್ಲೇ.

ಬಾಗಿಲು ಬಿಚ್ಚಿದೆವು. ಎಸ್‌ಎಂಪಿಎಸ್ ಮೇಲ್ಗಡೆ ಇದೆ, ಒಣಗಿದೆ. ಬೋರ್ಡಿನ ಕೆಳಗಿನ ಕಾಲು ಭಾಗಕ್ಕೆ ಕೆಸರು ಮೆತ್ತಿದೆ. ಡಿಸ್ಕ್ ಎರಡಿವೆ, ನನಗೇ ಮರೆತು ಹೋಗಿತ್ತು. ಒಂದು ತೆಳ್ಳಗಿನ ಎಸ್‌ಎಸ್‌ಡಿ, ಮೇಲ್ಗಡೆ ಟೇಪ್ ಹಾಕಿ ಅಂಟಿಸಿದ್ದಾರೆ. ಅದಕ್ಕೆ ಗೆರೆ ಮುಟ್ಟಿಲ್ಲ, ಆದರೆ ಸಿಪಿಯು ಬಗ್ಗಿಸಿದಾಗ ಹನಿ ಬಿದ್ದಿದೆ. ಇನ್ನೊಂದು ದಪ್ಪ ಹಾರ್ಡ್ ಡಿಸ್ಕ್, ತಳದಲ್ಲಿ. ಅದು ಅರ್ಧಕ್ಕೂ ಜಾಸ್ತಿ ಕೆಸರಿನಲ್ಲಿ ಇತ್ತು. ವಿಂಡೋಸ್ ಮತ್ತು ಡೆಸ್ಕ್‌ಟಾಪ್ ಮೇಲಿನ ಫೈಲುಗಳು ಎಸ್‌ಎಸ್‌ಡಿಯಲ್ಲಿ, ಅಂದರೆ ಮದುವೆ ಪತ್ರಿಕೆಗಳು ಅಲ್ಲಿವೆ. ಮೇಷ್ಟ್ರ ಪುಸ್ತಕ ಡಿ ಡ್ರೈವ್‌ನಲ್ಲಿ. ಡಿ ಡ್ರೈವ್ ಅಂದರೆ ಆ ದಪ್ಪ ಡಿಸ್ಕೇ ಅಲ್ವಾ?

ಹಾರ್ಡ್ ಡಿಸ್ಕನ್ನು ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಡಲು ಹೊರಟಿದ್ದೆ, ಕೇಳಿಯೇ ಇಡೋಣ ಅಂತ ನಿಲ್ಲಿಸಿದ್ದೇನೆ.

ಹಳೇ ರಿಪೇರಿಯವ, ಬೆಳಿಗ್ಗೆ 10:58

ಇಡಬೇಡಿ! ಹಾರ್ಡ್ ಡಿಸ್ಕ್ ಒಣಗಬಾರದು. ಬೋರ್ಡಿಗೆ ಹೇಳಿದ್ದಕ್ಕೆ ಇದು ಉಲ್ಟಾ, ಅದಕ್ಕೆ ಸರಿಯಾಗಿ ಓದಿ.

ಹಾರ್ಡ್ ಡಿಸ್ಕ್ ಪೂರ್ತಿ ಮುಚ್ಚಿದ ಡಬ್ಬ ಅಲ್ಲ. ಮುಚ್ಚಳದ ಮೇಲೆ ಗಾಳಿ ಆಡಲು ಒಂದು ಸಣ್ಣ ತೂತು ಇರುತ್ತದೆ, ಈ ತೂತು ಮುಚ್ಚಬೇಡಿ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಹೀಲಿಯಂ ತುಂಬಿದ ದೊಡ್ಡ ಡಿಸ್ಕುಗಳಿಗೆ ಈ ತೂತು ಇಲ್ಲ, ಆದರೆ ನಿಮ್ಮದು ಮಾಮೂಲಿ ಹಳೇ ಡಿಸ್ಕ್ ಅನ್ನಿಸುತ್ತದೆ. ತೂತಿನ ಮೂಲಕ ಕೆಸರು ನೀರು ಒಳಗಿನ ತಟ್ಟೆಗಳ ಮೇಲೆ ಹೋಗಿರಬಹುದು. ಓದುವ ಹೆಡ್ಡು ಆ ತಟ್ಟೆಯಿಂದ ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ ಹಾರುತ್ತಿರುತ್ತದೆ. ತಟ್ಟೆ ಮೇಲೆ ಮಣ್ಣು ಒಣಗಿ ಕಚ್ಚಿಕೊಂಡರೆ ಬಿಡಿಸುವುದು ಬಹಳ ಕಷ್ಟ, ಕರೆಂಟ್ ಕೊಟ್ಟು ತಿರುಗಿಸಿದರೆ ಹೆಡ್ಡು ಅದನ್ನೇ ಉಜ್ಜಿ ತಟ್ಟೆ ಕೆರೆದುಬಿಡುತ್ತದೆ. ಒಮ್ಮೆ ಕೆರೆದರೆ ಅಲ್ಲಿದ್ದ ಅಕ್ಷರ ಯಾರ ಕೈಗೂ ಸಿಗಲ್ಲ.

ಹಾಗಾಗಿ ಒರೆಸಬೇಡಿ, ಅಲುಗಾಡಿಸಬೇಡಿ, ಬಿಚ್ಚಬೇಡಿ. ಸ್ವಲ್ಪ ಒದ್ದೆ ಇರುವ ಹತ್ತಿ ಬಟ್ಟೆಯಲ್ಲಿ ಸುತ್ತಿ, ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮುಚ್ಚಿ. ನೀರಿನಲ್ಲಿ ಮುಳುಗಿಸಿ ಇಡಬೇಕು ಅಂತಲ್ಲ, ಒಣಗದೇ ಇದ್ದರೆ ಆಯಿತು. ಇವತ್ತೋ ನಾಳೆಯೋ ಡೇಟಾ ರಿಕವರಿ ಮಾಡುವವರಿಗೆ ಕೊಡಿ. ಸಾಮಾನ್ಯ ರಿಪೇರಿ ಅಂಗಡಿಗೆ ಕೊಟ್ಟರೆ ಮೊದಲು ಕೇಬಲ್ ಚುಚ್ಚಿ ನೋಡುತ್ತಾರೆ, ಅದೇ ಬೇಡ. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚುವ ವ್ಯವಸ್ಥೆ ಇದೆಯಾ, ನೋಡಿ ಹೇಳಲು ಎಷ್ಟು ದುಡ್ಡು, ಫೈಲ್ ಸಿಗದಿದ್ದರೆ ಎಷ್ಟು, ಇಷ್ಟನ್ನೂ ಬರೆಸಿಕೊಳ್ಳಿ. ಅಗ್ಗದ ಕೆಲಸ ಅಲ್ಲ, ಡಿಸ್ಕ್ ಬಿಚ್ಚಬೇಕಾದರೆ ಸಾವಿರಗಟ್ಟಲೆ ಆಗುತ್ತದೆ. ಮೊದಲೇ ಹೇಳಿಬಿಡುತ್ತೇನೆ.

ಎಸ್‌ಎಸ್‌ಡಿ ವಿಷಯ ಸುಲಭ. ಅದರಲ್ಲಿ ತಿರುಗುವುದು ಏನೂ ಇಲ್ಲ, ಚಿಪ್ಪು ಮಾತ್ರ. ಹನಿ ಬಿದ್ದಿದ್ದರೆ ಕನೆಕ್ಟರ್ ಭಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಮೊಬೈಲ್ ರಿಪೇರಿಯವರ ಹತ್ತಿರ ಐಪಿಎ ಅಂತ ಕೇಳಿ, 99 ಪರ್ಸೆಂಟಿನದು. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟು ಬಿಡುತ್ತದೆ. ಒಲೆ, ದೀಪದ ಹತ್ತಿರ ಮಾಡಬೇಡಿ, ಬೇಗ ಬೆಂಕಿ ಹತ್ತುತ್ತದೆ. ಎರಡು ದಿನ ನೆರಳಲ್ಲಿ ಗಾಳಿಗೆ ಇಡಿ. ಆಮೇಲೆ ಡಿಸ್ಕಿನ ಸಾಟಾ ಕನೆಕ್ಟರಿನಿಂದ ಯುಎಸ್‌ಬಿಗೆ ಹೋಗುವ ಕೇಬಲ್ ತಗೊಂಡು ಯಾರದಾದರೂ ಲ್ಯಾಪ್‌ಟಾಪಿಗೆ ಹಾಕಿ. ಫಾರ್ಮ್ಯಾಟ್ ಮಾಡಬೇಕಾ ಅಂತ ಕೇಳಿದರೆ ಬೇಡ ಅಂತ ಒತ್ತಿ ನಿಲ್ಲಿಸಿ, ಇಲ್ಲಿ ಬಂದು ಕೇಳಿ. ಪರ್ಮಿಷನ್ ಇಲ್ಲ ಅಂದರೆ ಕಂಟಿನ್ಯೂ ಒತ್ತಬಹುದು, ಅದು ಮಾಮೂಲಿ.

ಬೋರ್ಡ್ ಉಳಿಸಿಕೊಳ್ಳಬೇಕು ಅಂದರೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು, ಹಳೇ ಹಲ್ಲುಜ್ಜುವ ಮೆತ್ತನೆ ಬ್ರಷ್‌ನಲ್ಲಿ ಕೆಸರು ತೊಳೆದು, ಮೇಲಿಂದ ಐಪಿಎ ಹಾಕಿ, ಒಂದು ವಾರ ಒಣಗಿಸಿ. ಬೋರ್‌ವೆಲ್ ನೀರಲ್ಲಿ ತೊಳೆಯಬೇಡಿ, ಉಪ್ಪು ಜಾಸ್ತಿ. ಇದಕ್ಕೆ ಅವಸರ ಇಲ್ಲ, ಡಿಸ್ಕ್ ಕೆಲಸ ಮುಗಿದ ಮೇಲೆ ಮಾಡಿ.

ಅಕ್ಷರ ಜೋಡಣೆ, ಮಧ್ಯಾಹ್ನ 12:10

ನಾನೂ ಡಿಟಿಪಿಯವಳೇ, ಚಾಮರಾಜಪೇಟೆ ಕಡೆ. ಓದಿ ಹೊಟ್ಟೆ ಉರಿಯಿತು. ನಮ್ಮ ಕೆಲಸಕ್ಕೆ ಬೇಕಾದ ಒಂದೆರಡು ಮಾತು ಹೇಳುತ್ತೇನೆ.

ನೀವು ಪುಟ ಕಟ್ಟುವ ಸಾಫ್ಟ್‌ವೇರ್‌ಗಳಾದ ಪೇಜ್‌ಮೇಕರ್ ಮತ್ತು ಕೋರೆಲ್‌ನಲ್ಲಿ ಹಳೇ ನುಡಿ (ಕನ್ನಡ ತಂತ್ರಾಂಶ) ಫಾಂಟ್ ಹಾಕಿ ಮಾಡುತ್ತಿರಬೇಕು, ಬಹುತೇಕ ಪ್ರೆಸ್ಸಿನವರು ಅದನ್ನೇ ಕೇಳುತ್ತಾರೆ. ಎಸ್‌ಎಸ್‌ಡಿ ಓದಿದಾಗ ಡೆಸ್ಕ್‌ಟಾಪ್ ಫೋಲ್ಡರ್ ಮಾತ್ರ ಕಾಪಿ ಮಾಡಿ ನಿಲ್ಲಿಸಬೇಡಿ. ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಪೂರ್ತಿ ತಗೊಳ್ಳಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ವಧು ವರರ ಹೆಸರೆಲ್ಲ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಆಗಿ ಕಾಣುತ್ತದೆ, ಫೈಲೇ ಕೆಟ್ಟಿದೆ ಅಂತ ಗಾಬರಿ ಆಗುತ್ತೀರಿ. ಕೆಟ್ಟಿರುವುದಿಲ್ಲ, ಈ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡ ಕೂರಿಸಿರುತ್ತವೆ. ನುಡಿ ಬೇರೆ ಬೇರೆ ಆವೃತ್ತಿ, ಬರಹ ಫಾಂಟ್, ಯಾವುದು ಹಾಕಿದ್ದೀರೋ ಅದೇ ಬೇಕು.

ಆಗುವುದಾದರೆ ಎಸ್‌ಎಸ್‌ಡಿಯ ಪೂರ್ತಿ ನಕಲು, ಕ್ಲೋನ್ ಅಂತಾರಲ್ಲ, ಅದನ್ನೇ ತೆಗೆಸಿ. ಹಳೇ ಪೇಜ್‌ಮೇಕರ್ ಹೊಸ ವಿಂಡೋಸ್‌ನಲ್ಲಿ ಕೂರಿಸಲು ನಾನು ಒಂದು ವಾರ ಒದ್ದಾಡಿದ್ದೇನೆ. ವಿಂಡೋಸ್ 7 ಇದ್ದರೆ ಅದಕ್ಕೆ 2020ರ ಜನವರಿಗೇ ಅಪ್‌ಡೇಟ್ ನಿಂತಿದೆ, ಅದನ್ನು ನೆಟ್ಟಿಗೆ ಹಾಕದೆ ಬರೀ ಕೆಲಸಕ್ಕೆ ಇಟ್ಟುಕೊಳ್ಳಿ.

ಇನ್ನು ಮೇಷ್ಟ್ರ ಪುಸ್ತಕ. ಪ್ರೂಫ್ ಹೇಗೆ ಕಳಿಸಿದಿರಿ? ಪ್ರಿಂಟ್ ಕೊಟ್ಟಿರಾ ಅಥವಾ ಪಿಡಿಎಫ್ ಮಾಡಿ ಅವರ ಮನೆಯವರ ಮೊಬೈಲಿಗೆ ಹಾಕಿದಿರಾ? ಪಿಡಿಎಫ್ ಎಲ್ಲಾದರೂ ಇದ್ದರೆ ಅದರಿಂದ ಒಂದು ಪುಟ ಕಾಪಿ ಮಾಡಿ ವರ್ಡ್‌ನಲ್ಲಿ ಪೇಸ್ಟ್ ಮಾಡಿ. ಇಂಗ್ಲಿಷ್ ಅಕ್ಷರದ ರಾಶಿ ಬರುತ್ತದೆ. ಅದನ್ನು ಸೆಲೆಕ್ಟ್ ಮಾಡಿ ನುಡಿ ಫಾಂಟ್ ಕೊಟ್ಟು ನೋಡಿ. ನನಗೆ ಎರಡು ಸಲ ಹೀಗೆ ಕನ್ನಡ ಮರಳಿ ಸಿಕ್ಕಿದೆ. ಎಲ್ಲ ಪಿಡಿಎಫ್‌ನಲ್ಲೂ ಬರಲ್ಲ, ಬಂದರೂ ಒತ್ತಕ್ಷರ ಅಲ್ಲಲ್ಲಿ ಕೈಕೊಡುತ್ತದೆ, ಸಾಲು ಒಡೆಯುತ್ತದೆ. ಆದರೂ 180 ಪುಟ ಮತ್ತೆ ಟೈಪ್ ಮಾಡುವುದಕ್ಕಿಂತ ಎಷ್ಟೋ ವಾಸಿ. ಸಿಕ್ಕಿದರೆ ಆಮೇಲೆ, ಆ ಫಾಂಟ್ ಇಲ್ಲದಿದ್ದರೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೂ ಬದಲಿಸಿ ಒಂದು ಪ್ರತಿ ಇಟ್ಟುಕೊಳ್ಳಿ, ನುಡಿಯಲ್ಲೇ ಪರಿವರ್ತಕ ಇದೆ.

ಗುರುವಾರದ ಪತ್ರಿಕೆಗೆ ಕಂಪ್ಯೂಟರ್ ಬೇಕಿದ್ದರೆ ನನ್ನದು ಸಂಜೆ ಆರರ ಮೇಲೆ ಖಾಲಿ ಇರುತ್ತದೆ, ಬನ್ನಿ. ಸಂಕೋಚ ಬೇಡ.

ಹೊಸ ಓನರ್, ಮಧ್ಯಾಹ್ನ 1:25

ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳಿಲ್ಲ. ಭಾರತ್ ಗೃಹ ರಕ್ಷಾ ಅಂತ 2021ರ ಏಪ್ರಿಲ್‌ನಿಂದ ಒಂದೇ ನಮೂನೆಯ ಪಾಲಿಸಿ ಬಂದಿದೆ, ಪ್ರವಾಹವೂ ಅದರಲ್ಲಿ ಸೇರಿದೆ. ಬಾಡಿಗೆಯವರು ಮನೆ ಸಾಮಾನಿಗೆ ಮಾತ್ರವೂ ಮಾಡಿಸಬಹುದು. ಆದರೆ ಮನೆಯಲ್ಲೇ ವ್ಯಾಪಾರ ನಡೆಸುವವರು ಕಂಪ್ಯೂಟರನ್ನು ಸುಮ್ನೆ ಮನೆ ಸಾಮಾನು ಅಂತ ಬರೆಸಬೇಡಿ, ಕೆಲಸಕ್ಕೆ ಉಪಯೋಗಿಸುತ್ತೇನೆ ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ. ಈಗಾಗಲೇ ಪಾಲಿಸಿ ಇದ್ದವರು ತೊಳೆಯುವ ಮೊದಲು ಫೋಟೋ ತೆಗೆದು ಕಂಪನಿಗೆ ತಿಳಿಸಬೇಕು. ನೆನೆದ ಸಾಮಾನನ್ನು ಅವರು ನೋಡುವ ಮೊದಲು ಗುಜರಿಗೆ ಹಾಕಬೇಡಿ.

ಮನೆಯಿಂದ ಡಿಟಿಪಿ, ಮೂರನೇ ದಿನ, ರಾತ್ರಿ 9:20

ಮೂರು ದಿನದಿಂದ ಮನೆ ತೊಳೆಯುವುದೇ ಆಯಿತು, ಅದಕ್ಕೆ ತಡ. ಎಲೆಕ್ಟ್ರಿಷಿಯನ್ ಬಂದು ಕೆಳಗಿನ ಎರಡು ಸಾಕೆಟ್ ಬಿಚ್ಚಿದರೆ ಒಂದರಲ್ಲಿ ಲೋಟದಷ್ಟು ನೀರಿತ್ತು. ಬೆಳಿಗ್ಗೆ ಹೇಳಿದ ಅಣ್ಣನಿಗೆ ಕೈ ಮುಗಿಯುತ್ತೇನೆ.

ಹಾರ್ಡ್ ಡಿಸ್ಕನ್ನು ನೀವು ಹೇಳಿದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಇಡ್ಲಿ ಹಿಟ್ಟು ಬರುವಂಥ ದಪ್ಪ ಕವರಿನಲ್ಲಿ ಹಾಕಿ ಬಿಗಿಯಾಗಿ ಕಟ್ಟಿ, ಮಾರನೇ ದಿನವೇ ಕೊಟ್ಟು ಬಂದೆವು. ಕೊಡುವಾಗ ಆನ್ ಮಾಡಿಲ್ಲ, ಒಣಗಿಸಿಲ್ಲ ಅಂದಾಗ ಅಲ್ಲಿದ್ದವರು ತಲೆ ಎತ್ತಿ ನೋಡಿ, ಯಾರು ಹೇಳಿಕೊಟ್ಟರು ಅಂತ ಕೇಳಿದರು. ಬಿಚ್ಚಿ ನೋಡಿ ಸೋಮವಾರ ತಿಳಿಸುತ್ತಾರಂತೆ. ದುಡ್ಡು ಜಾಸ್ತಿಯೇ, ಆದರೆ ಫೈಲ್ ಪಟ್ಟಿ ತೋರಿಸಿದ ಮೇಲೆ ಕೊಟ್ಟರೆ ಸಾಕು ಅಂತ ಬರೆದುಕೊಟ್ಟಿದ್ದಾರೆ.

ಕೇಬಲ್‌ಗೆ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳ ಕಡೆ ಹೋಗಿದ್ದೆ. ಬೆನ್ನಿಗಾನಹಳ್ಳಿಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದೆ. ಅಂಗಡಿಯಲ್ಲಿ ನನ್ನ ಹಾಗೆ ಕವರಿನಲ್ಲಿ ನೆನೆದ ಡಿಸ್ಕ್ ಹಿಡಿದುಕೊಂಡು ಇನ್ನೊಬ್ಬ ಹುಡುಗ ನಿಂತಿದ್ದ. ಪಿಜಿಯಲ್ಲಿ ಇರುವವನಂತೆ. ಒಣಗಿಸಬೇಡಪ್ಪಾ ಅಂತ ಅವನಿಗೂ ಹೇಳಿದೆ.

ಇವತ್ತು ಎಸ್‌ಎಸ್‌ಡಿ ಹಾಕಿ ನೋಡಿದೆವು. ಬಂತು! ಮೂರೂ ಪತ್ರಿಕೆ ಇವೆ. ಫಾಂಟ್ಸ್ ಫೋಲ್ಡರ್ ಕೂಡ ತಗೊಂಡೆ. ಚಾಮರಾಜಪೇಟೆಯ ಅಕ್ಕ, ಕೋರೆಲ್ ನಿಮ್ಮಲ್ಲೇ ತೆರೆಯಬೇಕು, ನಾಳೆ ಆರಕ್ಕೆ ಬರುತ್ತೇನೆ.

ಮೇಷ್ಟ್ರ ಪುಸ್ತಕದ ಎರಡನೇ ಪ್ರೂಫಿನ ಪಿಡಿಎಫ್ ಅವರ ಮೊಮ್ಮಗಳ ವಾಟ್ಸಾಪಿನಲ್ಲಿ ಸಿಕ್ಕಿತು. ಒಂದು ಪುಟ ಪೇಸ್ಟ್ ಮಾಡಿ ನುಡಿ ಫಾಂಟ್ ಕೊಟ್ಟ ತಕ್ಷಣ ಕನ್ನಡ ಎದ್ದು ಬಂತು, ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅರ್ಕಾವೊತ್ತು ಕೆಲವು ಕಡೆ ಹಾರಿ ಹೋಗಿದೆ, ಪದ್ಯದ ಸಾಲುಗಳು ಗದ್ಯದ ಹಾಗೆ ಒಂದಕ್ಕೊಂದು ಅಂಟಿವೆ. ಹಾರ್ಡ್ ಡಿಸ್ಕಿನಿಂದ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೂ ಇದನ್ನು ತಿದ್ದಿ ಮುಗಿಸುತ್ತೇನೆ. ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಮೊದಲು ಕೇಳಿದ್ದು ಮಕ್ಕಳು ಹುಷಾರಾಗಿದ್ದಾರಾ ಅಂತ. ಅವರು ಪೆನ್ನಿನಲ್ಲಿ ತಿದ್ದಿದ ಪ್ರೂಫ್ ಪ್ರತಿ ಅವರ ಬೀರುವಿನಲ್ಲೇ ಇದೆಯಂತೆ, ಭಾನುವಾರ ಹೋಗಿ ತರುತ್ತೇನೆ. ಇವತ್ತಿಗೆ 23ನೇ ಪುಟದವರೆಗೆ ಸರಿ ಮಾಡಿದ್ದೇನೆ.